ಭಾನುವಾರದ ಪ್ರಶ್ನೋತ್ತರ: ಮಕ್ಕಳ ಬ್ಲಡ್ ಕ್ಯಾನ್ಸರ್ ಚಿಕಿತ್ಸೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಕ್ಕಳ ಕ್ಯಾನ್ಸರ್ ನೋಡುವ ಡಾಕ್ಟರು ಒಂದು ಗಂಟೆ ನಮ್ಮ ಜೊತೆ ಇರುತ್ತಾರೆ. ಹೆಸರು ಬೇಡ, ಊರು ಹಾಕಿ ಕೇಳಿ.

ಹಾಸನ: ಡಾಕ್ಟರೇ, ಮಗಳಿಗೆ ಎಎಲ್‌ಎಲ್ ಅನ್ನೋ ಬ್ಲಡ್ ಕ್ಯಾನ್ಸರ್. ಕೆಮೋ ಆಗಿ ಒಂಬತ್ತು ದಿನ. ರಾತ್ರಿ 101 ಜ್ವರ ಇತ್ತು. ಪ್ಯಾರಾಸಿಟಮಾಲ್ ಕೊಟ್ಟೆ, ಇಳಿಯಿತು. ನಾಳೆ ಓಪಿಡಿಗೆ ಬಂದರೆ ಸಾಕಾ?

ಡಾಕ್ಟರ್: ಸಾಲದು, ಈಗಲೇ ಹೊರಡಿ. ಜ್ವರ ಇಳಿದರೆ ಸೋಂಕು ಇಳಿಯಿತು ಅಂತಲ್ಲ. ಬಿಳಿ ರಕ್ತಕಣ ಕಡಿಮೆ ಇರುವಾಗ ಅದು ಗಂಟೆಗಳಲ್ಲಿ ಮೈತುಂಬ ಹರಡುತ್ತದೆ. ಕೆಮೋ ನಡೆಯುವ ಮಗುವಿಗೆ 100.4 ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆ. ಎಮರ್ಜೆನ್ಸಿ ಬಾಗಿಲಲ್ಲೇ "ಕೆಮೋ ಮಗು, ಜ್ವರ" ಅನ್ನಿ. ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು.

ಶಿರಸಿ: ಮನೆಯ ಮೊಸರು ಕೊಡಬಹುದಾ?

ಮಂಡ್ಯ: ಮಗನಿಗೆ ಮೇಂಟೆನೆನ್ಸ್, ಅಂದರೆ ಮನೆಯಲ್ಲೇ ಕೆಮೋ ಮಾತ್ರೆ ಕೊಡೋ ಹಂತ, ನಡೀತಿದೆ. ಕ್ಲಾಸಲ್ಲಿ ಪಕ್ಕ ಕೂರುವ ಹುಡುಗನಿಗೆ ಅಮ್ಮ ಬಂದಿದೆಯಂತೆ.

ಡಾಕ್ಟರ್: ಚಿಕನ್‌ಪಾಕ್ಸ್ ಅಲ್ವಾ? ಗುಳ್ಳೆ ಏಳುವ ತನಕ ಕಾಯಬೇಡಿ. ಇವತ್ತೇ ನಿಮ್ಮ ವಾರ್ಡಿಗೆ ಫೋನ್ ಮಾಡಿ. ಬರದಂತೆ ತಡೆಯಲು ಔಷಧಿ ಇದೆ, ಆದರೆ ತಡ ಮಾಡುವಂತಿಲ್ಲ.

ತುಮಕೂರು: ಪರಂಗಿ ಎಲೆಯ ರಸ ದಿನಕ್ಕೆ ಎರಡು ಸಲ ಕುಡಿದರೆ ಪ್ಲೇಟ್‌ಲೆಟ್ ಮೂರೇ ದಿನದಲ್ಲಿ ಡಬಲ್. ಎಲ್ಲರಿಗೂ ಕಳಿಸಿ.

ಡಾಕ್ಟರ್: ಬೇಡ.

ತಿಪಟೂರು: ಡಾಕ್ಟರೇ, ಮಗನಿಗೆ ಏಳು ವರ್ಷ. ಮೇಂಟೆನೆನ್ಸ್ ಶುರುವಾಗಿ ನಾಲ್ಕು ತಿಂಗಳು. ಬಾಯಿ ತುಂಬಾ ಬಿಳಿ ಹುಣ್ಣು. ಗಂಜಿ ಕೂಡ ನುಂಗುತ್ತಿಲ್ಲ, ಜೊಲ್ಲು ಸುರಿಸುತ್ತಾ ಕೂತಿದ್ದಾನೆ. ಜ್ವರ ಇಲ್ಲ. ಯಾವ ಮುಲಾಮು ಹಚ್ಚಲಿ?

ಡಾಕ್ಟರ್: ಮುಲಾಮು ಆಮೇಲೆ. ಮಾತ್ರೆ ಯಾರು ಕೊಡುತ್ತಾರೆ? ಮೆಥೋಟ್ರೆಕ್ಸೇಟ್ ವಾರದಲ್ಲಿ ಎಷ್ಟು ದಿನ?

ತಿಪಟೂರು: ನಾನು ಹೆರಿಗೆಗೆ ಬಂದೆ. ಹತ್ತು ದಿನದಿಂದ ಅತ್ತೆ ಕೊಡ್ತಿದ್ದಾರೆ. ಈಗ ಫೋನ್ ಮಾಡಿ ಕೇಳಿದೆ. ಎರಡೂ ಹಳದಿ ಮಾತ್ರೆ, ಆರು ದಿನದಿಂದ ರಾತ್ರಿ ಎರಡನ್ನೂ ಕೊಟ್ಟಿದ್ದಾರೆ.

ಡಾಕ್ಟರ್: ತಾಯಿ, ಗಮನವಿಟ್ಟು ಓದಿ. ಇವತ್ತು ರಾತ್ರಿ ಎರಡು ಮಾತ್ರೆಯೂ ಬೇಡ. ಮಗು ಈಗಲೇ ಆಸ್ಪತ್ರೆಗೆ ಹೊರಡಲಿ. ಎರಡರಲ್ಲಿ 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ದಿನಾ ಕೊಡುವ ಮಾತ್ರೆ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಅದು ಫೋಲಿಕ್ ಆಸಿಡ್ ಮಾಡುವ ಕೆಲಸಕ್ಕೆ ಅಡ್ಡ ಬರುತ್ತದೆ. ದಿನಾ ಕೊಟ್ಟರೆ ಬಾಯಿ, ಕರುಳು, ಮೂಳೆಯ ಮಜ್ಜೆ, ಹೀಗೆ ಬೇಗ ಬೇಗ ಬೆಳೆಯುವ ಜಾಗಕ್ಕೆಲ್ಲ ಏಟು ಬೀಳುತ್ತದೆ. ಬಾಯಿಯ ಹುಣ್ಣು ನಿಮಗೆ ಕಾಣುತ್ತಿದೆ, ಮಜ್ಜೆಗೆ ಏನಾಗಿದೆ ಅಂತ ರಕ್ತ ನೋಡಿಯೇ ತಿಳಿಯಬೇಕು. ಕಿಡ್ನಿ, ಲಿವರ್ ಟೆಸ್ಟೂ ಆಗಬೇಕು. ಇದಕ್ಕೆ ಮದ್ದಿದೆ, ಫೋಲಿನಿಕ್ ಆಸಿಡ್ ಅಂತ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಮನೆಯಲ್ಲಿರುವ ಫೋಲಿಕ್ ಆಸಿಡ್ ಮಾತ್ರೆ ಬೇರೆ, ಅದು ಇದರ ಬದಲಿಗೆ ಆಗುವುದಿಲ್ಲ. ನೋವಿಗೆ ಐಬುಪ್ರೊಫೆನ್ ಕೊಡಬೇಡಿ, ಮೆಥೋಟ್ರೆಕ್ಸೇಟ್ ಮೈಯಿಂದ ಹೊರಹೋಗುವುದು ಇನ್ನೂ ನಿಧಾನವಾಗುತ್ತದೆ. ಫೈಲ್ ಜೊತೆ ಎರಡೂ ಸ್ಟ್ರಿಪ್ ತೆಗೆದುಕೊಂಡು ಹೋಗಲಿ. ಎಷ್ಟು ಮಾತ್ರೆ ಖಾಲಿ ಅಂತ ಅಲ್ಲಿ ಎಣಿಸುತ್ತಾರೆ. ಅತ್ತೆಯನ್ನು ಬೈಯಬೇಡಿ. ಬೈದರೆ ಸರಿಯಾದ ಲೆಕ್ಕ ಹೇಳಲು ಹೆದರುತ್ತಾರೆ.

ತಿಪಟೂರು: ಯಜಮಾನರು ಕಾರು ಕೇಳೋಕೆ ಹೋದರು.

ತುಮಕೂರು: ನೋಡಿ, ಕೆಮೋ ಮಾತ್ರೆ ಎಂಥ ವಿಷ! ಎಲೆಯ ರಸದಿಂದ ಯಾರಿಗಾದರೂ ಹೀಗಾಗಿದೆಯಾ?

ದಾವಣಗೆರೆ: ಸ್ವಾಮಿ, ನಮ್ಮ ಅಕ್ಕನ ಮಗನಿಗೆ ಎರಡು ತಿಂಗಳು ಕೆಮೋ ಬಿಡಿಸಿ ರಸ ಕುಡಿಸಿದರು. ಕಾಯಿಲೆ ವಾಪಸ್ ಬಂತು. ಹುಡುಗ ಇವತ್ತಿಲ್ಲ. ಇನ್ನೊಮ್ಮೆ ಆ ಫಾರ್ವರ್ಡ್ ಹಾಕಬೇಡಿ.

ತುಮಕೂರು: ನಾನು ಕೆಮೋ ಬಿಡಿ ಅಂದೆನಾ? ಓದೋಕೆ ಬರಲ್ವಾ?

ದಾವಣಗೆರೆ: ನಮಗೂ ಮೊದಲು ಹಾಗೇ ಹೇಳಿದ್ದರು.

ಡಾಕ್ಟರ್: ತುಮಕೂರಿನವರೇ, ಈ ಮಕ್ಕಳಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಮಜ್ಜೆ ಅದನ್ನು ಮಾಡದೇ ಇರುವುದಕ್ಕೆ. ಎಲೆಯ ರಸ ಮಜ್ಜೆಯನ್ನು ಸರಿ ಮಾಡುವುದಿಲ್ಲ. ಹಸಿ ರಸದ ಜೊತೆ ಹೊಟ್ಟೆಗೆ ರೋಗಾಣು ಹೋಗಬಹುದು, ತಡೆಯಲು ಬಿಳಿ ಕಣ ಇರುವುದಿಲ್ಲ. ಮಗು ವಾಂತಿ ಮಾಡಿದರೆ ಮಾತ್ರೆಯೂ ಹೊರಗೆ. ಇದು ಇವತ್ತು ನನಗೆ ಬಂದ ನಾಲ್ಕನೇ ಫಾರ್ವರ್ಡ್. ಸಾಕು.

ಶಿರಸಿ: ಮೊಸರು?

ಕೊಪ್ಪಳ: ನಮ್ಮ ವಾರ್ಡಲ್ಲಿ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿ ಅವತ್ತೇ ತಿನ್ನಿಸಿ ಅಂದರು.

ಮೈಸೂರು: ನಮಗೆ ಬಿಳಿ ರಕ್ತಕಣದ ಕೌಂಟ್ ಏರುವ ತನಕ ಬೇಡವೇ ಬೇಡ ಅಂದರು.

ಬಳ್ಳಾರಿ: ಕೂದಲು ಮತ್ತೆ ಬಂದಾಗ ಗುಂಗುರಾಗಿ ಬರುತ್ತಾ ಅಂತ ಮಗಳು ಕೇಳುತ್ತಿದ್ದಾಳೆ.

ಗದಗ: ಸರ್, ಮೊನ್ನೆಯಷ್ಟೇ ಗೊತ್ತಾಯಿತು. ಮಗುವಿಗೆ ಮೂರು ವರ್ಷ, ಎಎಲ್‌ಎಲ್. ಆಸೆ ಇಟ್ಟುಕೊಳ್ಳಬಹುದಾ? ಸುಮ್ನೆ ಸಮಾಧಾನಕ್ಕೆ ಹೇಳಬೇಡಿ.

ಡಾಕ್ಟರ್: ಇಟ್ಟುಕೊಳ್ಳಿ. ಮೇಲೆ ಮೆಥೋಟ್ರೆಕ್ಸೇಟ್ ಬಗ್ಗೆ ಓದಿ ಹೆದರಿರಬಹುದು. ಅದೇ ಗುಂಪಿನ ಔಷಧಿ ಕೊಟ್ಟಾಗ ಮಕ್ಕಳು ಚೇತರಿಸಿಕೊಂಡರು ಅಂತ 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಬರೆದರು. ಆ ಚೇತರಿಕೆ ಕೆಲವು ತಿಂಗಳು ಮಾತ್ರ ನಿಂತಿತು. ಇವತ್ತು ಹಲವು ಔಷಧಿ ಸೇರಿಸಿ ಎರಡು, ಎರಡೂವರೆ ವರ್ಷ ಕೊಡುತ್ತೇವೆ. ಪೂರ್ತಿ ಮುಗಿಸಿದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ನಿಮ್ಮ ಮಗುವಿಗೆ ಎಷ್ಟು ಅಂತ ಮೊದಲ ತಿಂಗಳ ಮಜ್ಜೆ ಪರೀಕ್ಷೆ ಆದ ಮೇಲೆ ನಿಮ್ಮ ಡಾಕ್ಟರನ್ನು ಕೇಳಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಕ್ಯಾಲೆಂಡರಿನಲ್ಲಿ ಮಾತ್ರೆಯ ದಿನ ಗುರುತು ಹಾಕಿ. ನಡುವೆ ಬಿಡಬೇಡಿ. ದುಡ್ಡಿನ ಚಿಂತೆ ಇದ್ದರೆ ಮೊದಲು ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ವಿಚಾರಿಸಿ.

ವಿಜಯಪುರ: ಕೆಮೋ ಮಗುವಿಗೆ 100.6 ಇದೆ. ಒದ್ದೆ ಬಟ್ಟೆ ಹಾಕಲಾ?

ಡಾಕ್ಟರ್: ಹಾಸನಕ್ಕೆ ಹೇಳಿದ್ದೇ. ಹೊರಡಿ.

ತುಮಕೂರು: ಪ್ರಶ್ನೆ ಕೇಳಿದರೆ ಸಿಡುಕುವ ಡಾಕ್ಟರು!

ಮೈಸೂರು: ಇವರನ್ನು ಗುಂಪಿಂದ ತೆಗೀರಿ ಅಡ್ಮಿನ್.

ಅಡ್ಮಿನ್: ತುಮಕೂರಿನವರ ಮೆಸೇಜ್ ನಿಲ್ಲಿಸಿದ್ದೇನೆ. ಜಗಳ ಸಾಕು.

ತಿಪಟೂರು: ಡಾಕ್ಟರೇ, ಆಸ್ಪತ್ರೆ ತಲುಪಿದರು. ರಕ್ತ ತೆಗೆದರು. ಫೋಲಿನಿಕ್ ಆಸಿಡ್ ತರಿಸುತ್ತಿದ್ದಾರಂತೆ. ಅತ್ತೆ ಸ್ಟ್ರಿಪ್ ಹಿಡಿದು ಬಾಗಿಲಲ್ಲೇ ಕೂತಿದ್ದಾರೆ, ಏಳುತ್ತಿಲ್ಲ.

ಡಾಕ್ಟರ್: ಅವರಿಗೆ ಒಂದು ಲೋಟ ನೀರು ಕೊಡಿಸಿ. ಕೌಂಟ್ ಬಂದ ತಕ್ಷಣ ನನಗೆ ಬೇರೆಯಾಗಿ ಕಳಿಸಿ. ಎಚ್ಚರ ಇರುತ್ತೇನೆ.