ವಾರ್ಡ್ ನಕ್ಷೆಯಲ್ಲಿ ಹಳದಿ, ನೀಲಿ ನಡುವೆ ಬೂದು ಬರ್ತಿದೆ, ಏನು ಮಾಡೋದು?

ಮಾಟುಂಗಾ_ನಕ್ಷೆ:
ನಮಸ್ಕಾರ. 2011ರ ಜನಗಣತಿ ಅಂಕಿಯಿಂದ ಮುಂಬಯಿಯ 24 ವಾರ್ಡ್‌ಗಳ ಜನಸಾಂದ್ರತೆ ನಕ್ಷೆಯನ್ನು ಪೈಥಾನ್‌ನಲ್ಲಿ ಮಾಡ್ತಿದ್ದೇನೆ. ಕಡಿಮೆಗೆ ಹಳದಿ (255, 255, 0), ಹೆಚ್ಚಿಗೆ ನೀಲಿ (0, 0, 255) ಕೊಟ್ಟು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಪೈಥಾನ್‌ನ ಚಿತ್ರ ಬಿಡಿಸುವ ಲೈಬ್ರರಿ) 256 ಬಣ್ಣ ತೆಗೆದರೆ ನಡುವೆಲ್ಲ ಬೂದು. ಸಿ ವಾರ್ಡ್ ಒಂದೇ ಎದ್ದು ಕಾಣುತ್ತೆ, ಉಳಿದವು ಹೆಚ್ಚುಕಡಿಮೆ ಒಂದೇ ಥರ. ಅದರಲ್ಲಿ ಸಿದ್ಧವಾಗಿ ಸಿಗೋ ವಿರಿಡಿಸ್ ಬೇಡ, ಸ್ವಂತ ಪ್ಯಾಲೆಟ್ (ಬಣ್ಣಗಳ ಸಾಲು) ಬೇಕು.

ವರ್ಣಕ್ರಮ:
ಹಳದಿ, ನೀಲಿ ಒಂದಕ್ಕೊಂದು ಪೂರಕ ಬಣ್ಣ. ಆರ್‌ಜಿಬಿಯಲ್ಲಿ (ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ) ಅವುಗಳ ಸರಾಸರಿ ತೆಗೆದರೆ ಮೂರೂ ಚಾನೆಲ್ 127.5, ಅಂದರೆ ಅಪ್ಪಟ ಬೂದು. ಕಣ್ಣಿಗೆ ಕಾಣೋ ವ್ಯತ್ಯಾಸಕ್ಕೆ ತಕ್ಕಂತೆ ಬಣ್ಣ ಅಳೆಯುವ ಲ್ಯಾಬ್ ಪದ್ಧತಿಗೆ ಹೋದರೂ ಬೂದು ಬರೋದು ಪೂರ್ತಿ ನಿಲ್ಲಲ್ಲ, ಎರಡು ಬಣ್ಣದ ನಡುವಿನ ನೇರ ಗೆರೆ ಅಲ್ಲೂ ಬೂದು ಅಕ್ಷದ ಪಕ್ಕದಲ್ಲೇ ಹಾಯುತ್ತೆ. ಗೆರೆ ಬಿಟ್ಟು ಸುತ್ತು ಹಾಕಿ ಹೋಗಬೇಕು. 2020ರಲ್ಲಿ ಬಂದ, ಅದೇ ಥರದ ಓಕೆಲ್ಯಾಬ್‌ನ ಧ್ರುವೀಯ ರೂಪ (ಬಣ್ಣವನ್ನು ಕೋನ, ದೂರದಲ್ಲಿ ಹೇಳೋದು), ಓಕೆಎಲ್‌ಸಿಎಚ್, ಬಳಸಿ.

ಪ್ಯಾಲೆಟ್‌ನ ಶುರುವಿನಿಂದ ಕೊನೆಗೆ ಟಿ 0ಯಿಂದ 1ರವರೆಗೆ ಹೋಗಲಿ. ಲೈಟ್‌ನೆಸ್ (ಬಣ್ಣ ಎಷ್ಟು ತಿಳಿ) = 0.92 − 0.62 × ಟಿ. ಹ್ಯೂ (ಯಾವ ಬಣ್ಣ ಅನ್ನೋ ಕೋನ) = 105 + 160 × ಟಿ ಡಿಗ್ರಿ. ಕ್ರೋಮಾ (ಬಣ್ಣದ ಗಾಢತೆ) ಉದ್ದಕ್ಕೂ 0.07. ತೆಳು ಹಳದಿಯಿಂದ ಹೊರಟು, ನಡುವೆ 185 ಡಿಗ್ರಿಯ ನೀಲಿಹಸಿರು ದಾಟಿ, ಕಡುನೀಲಿಗೆ ಮುಟ್ಟುತ್ತೆ. ಓಕೆಲ್ಯಾಬ್‌ನ ಎರಡು ಬಣ್ಣದ ಅಕ್ಷ: ಎ = ಕ್ರೋಮಾ × ಕಾಸ್ ಹ್ಯೂ, ಬಿ = ಕ್ರೋಮಾ × ಸೈನ್ ಹ್ಯೂ. ನಂಪೈಗೆ (ಪೈಥಾನ್‌ನ ಗಣಿತ ಲೈಬ್ರರಿ) ಕೋನ ರೇಡಿಯನ್‌ನಲ್ಲೇ ಬೇಕು, ಮರೀಬೇಡಿ. ಅಲ್ಲಿಂದ ಲೀನಿಯರ್ ಆರ್‌ಜಿಬಿ, ಆಮೇಲೆ ಎಸ್‌ಆರ್‌ಜಿಬಿ ಗಾಮಾ (ಬೆಲೆಗಳನ್ನು ಪರದೆಗೆ ಹೊಂದಿಸುವ ಲೆಕ್ಕ). ಗಾಮಾ ಬಿಟ್ಟರೆ ಪ್ಯಾಲೆಟ್ ಪೂರ್ತಿ ಕಪ್ಪಿಡುತ್ತೆ.

ಬಣ್ಣ ಸಪ್ಪೆ ಅನ್ನಿಸಿ ಕ್ರೋಮಾವನ್ನು 0.12ಕ್ಕೆ ಏರಿಸಿದರೆ ನಡುಭಾಗದಲ್ಲಿ ಕೆಂಪು ಚಾನೆಲ್ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಅದನ್ನು ಕ್ಲಿಪ್ ಮಾಡಿದರೆ (ಸೊನ್ನೆಗೇ ನಿಲ್ಲಿಸಿದರೆ) ಅಷ್ಟು ಕಡೆ ಹ್ಯೂ, ಲೈಟ್‌ನೆಸ್ ಎರಡೂ ಜರುಗಿ ಮೆಟ್ಟಿಲು ಏರುಪೇರಾಗುತ್ತೆ. ಕ್ಲಿಪ್‌ಗೆ ಮುಂಚೆ ಕನಿಷ್ಠ ಬೆಲೆ ಪ್ರಿಂಟ್ ಮಾಡಿ ನೋಡಿ.

ಮುಲುಂಡ್_ಜಿಐಎಸ್:
ಪ್ಯಾಲೆಟ್ ಸರಿಹೋದರೂ ಸಿ ವಾರ್ಡ್ ಹಾಗೇ ಎದ್ದು ಕಾಣುತ್ತೆ ಸಾರ್. ಅದು ಅಂಕಿಯ ಹಂಚಿಕೆಯ ಸಮಸ್ಯೆ. ಲಾಗ್‌ನಾರ್ಮ್ (ಅಂಕಿಯ ಲಾಗ್ ತೆಗೆದು ಬಣ್ಣ ಹಂಚೋದು) ಹಾಕಿ, ಆದರೆ ಲೆಜೆಂಡ್‌ನಲ್ಲಿ (ನಕ್ಷೆಯ ಬಣ್ಣದ ಸೂಚಿ) ನಿಜವಾದ ಸಂಖ್ಯೆಗಳನ್ನೇ ಬರೆಯಿರಿ.

ವಿಸ್ತೀರ್ಣ ಯಾವ ಪ್ರೊಜೆಕ್ಷನ್‌ನಲ್ಲಿ (ಭೂಮಿಯನ್ನು ಚಪ್ಪಟೆ ಮಾಡುವ ಪದ್ಧತಿ; ಒಂದೊಂದಕ್ಕೂ ಇಪಿಎಸ್‌ಜಿ ಸಂಖ್ಯೆ ಇರುತ್ತೆ) ತೆಗೆದಿರಿ? ಅಕ್ಷಾಂಶ, ರೇಖಾಂಶದ 4326ರಲ್ಲಿ ಸಿಗೋದು ಚದರ ಡಿಗ್ರಿ. ವೆಬ್ ನಕ್ಷೆಗಳ 3857ರಲ್ಲಿ ಮುಂಬಯಿಯ 19 ಡಿಗ್ರಿ ಅಕ್ಷಾಂಶಕ್ಕೆ ವಿಸ್ತೀರ್ಣ ಸುಮಾರು ಶೇ. 12 ಉಬ್ಬುತ್ತೆ. ಎಲ್ಲ ವಾರ್ಡೂ ಒಂದೇ ಪ್ರಮಾಣದಲ್ಲಿ ಉಬ್ಬೋದರಿಂದ ಬಣ್ಣ ನೋಡಿ ಗೊತ್ತಾಗಲ್ಲ, ಲೆಜೆಂಡ್ ಮಾತ್ರ ತಪ್ಪಿರುತ್ತೆ. ಯುಟಿಎಂ 43 ಉತ್ತರ, ಅಂದರೆ 32643, ಬಳಸಿ. ಟಿ ಮತ್ತು ಆರ್ ಸೆಂಟ್ರಲ್ ವಾರ್ಡ್‌ಗಳಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡೂ ಸೇರಿರೋದರಿಂದ ಸಾಂದ್ರತೆ ಕಡಿಮೆ ತೋರುತ್ತೆ. ನಕ್ಷೆಯ ಕೆಳಗೆ ಅದನ್ನು ಹೇಳಲೇಬೇಕು.

ಮಾಟುಂಗಾ_ನಕ್ಷೆ:
ವಿಸ್ತೀರ್ಣ 3857ರಲ್ಲೇ ಇತ್ತು, ಬದಲಾಯಿಸ್ತೀನಿ. ಒಂದು ವಾರ್ಡಿನ ಅಂಕಿ ಖಾಲಿ ಇದ್ದರೆ?

ವರ್ಣಕ್ರಮ:
ಖಾಲಿ ಅಂಕಿಗೆ ಬಣ್ಣ ಕೊಡುವ ಮ್ಯಾಟ್‌ಪ್ಲಾಟ್‌ಲಿಬ್‌ನ ಸೆಟ್‌ಬ್ಯಾಡ್‌ಗೆ ತಿಳಿಬೂದು ಕೊಡಿ. ಈಗ ಪ್ಯಾಲೆಟ್‌ನಲ್ಲಿ ಎಲ್ಲೂ ಬೂದು ಇಲ್ಲದ್ದರಿಂದ ‘ಮಾಹಿತಿ ಇಲ್ಲ’ ಅನ್ನೋದು ಬೇರೆಯಾಗಿ ಕಾಣುತ್ತೆ. ಆದರೆ ಜಿಯೋಪಾಂಡಾಸ್‌ನ (ನಕ್ಷೆಯ ಮಾಹಿತಿಗೆ ಇರೋ ಪೈಥಾನ್ ಲೈಬ್ರರಿ) ಪ್ಲಾಟ್ ಬಳಸ್ತಿದ್ದರೆ ಸೆಟ್‌ಬ್ಯಾಡ್ ಸಾಲದು, ಖಾಲಿ ವಾರ್ಡನ್ನು ಅದು ಬಿಡಿಸೋದೇ ಇಲ್ಲ. ಪ್ಲಾಟ್‌ನ ಮಿಸ್ಸಿಂಗ್ ಕೀವರ್ಡ್ಸ್ (missing_kwds) ಆಯ್ಕೆಯಲ್ಲಿ ಬಣ್ಣ ಕೊಡಿ.