ಗೋಡೆ ಆಮೇಲೆ, ಮೊದಲು ಪೈಪು ನೋಡಿ

ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದು: ಸದಾ ಜನ ತುಂಬಿರುವ ವ್ಯಾಪಾರದ ಬೀದಿಯಲ್ಲಿ ನಮ್ಮ ಕಟ್ಟಡವಿದೆ. ನೆಲಮಹಡಿಯನ್ನು ಇಷ್ಟು ವರ್ಷ ಒಬ್ಬರೇ ಬಾಡಿಗೆಗೆ ಇಟ್ಟುಕೊಂಡಿದ್ದರು, ಈಗ ಬಿಟ್ಟಿದ್ದಾರೆ. ಬೇಕಾದಾಗ ಒಂದೇ ಮಳಿಗೆ, ಬೇಕಾದಾಗ ನಾಲ್ಕು ಅಂಗಡಿ ಆಗುವ ಹಾಗೆ ಮಾಡುವ ಆಸೆ ನನಗೆ. ಅಣ್ಣ ಬೇಡ, ಮತ್ತೆ ಒಬ್ಬರಿಗೇ ಕೊಡೋಣ ಅನ್ನುತ್ತಾನೆ. ಸರಿಸುವ ಗೋಡೆಗೆ ಸಿಕ್ಕಾಪಟ್ಟೆ ಖರ್ಚು ಹೇಳುತ್ತಿದ್ದಾರೆ. ಏನು ಮಾಡಲಿ? ಬಂದ ಉತ್ತರಗಳು ಇಲ್ಲಿವೆ.

ಸರಿಸುವ ಗೋಡೆಯ ಯೋಚನೆ ಬಿಟ್ಟುಬಿಡಿ. ಅಂಗಡಿಯ ಅಳತೆಯನ್ನು ದಿನಾ ಯಾರೂ ಬದಲಾಯಿಸುವುದಿಲ್ಲ. ಗಾಲಿ, ಹಳಿ ಎಲ್ಲ ಯಾಕೆ? ಜಿಪ್ಸಂ ಬೋರ್ಡಿನ ಪಾರ್ಟಿಶನ್ ಸಾಕು, ಬೇಡವಾದಾಗ ಬಿಚ್ಚಿದರಾಯಿತು.

ನಿಜವಾದ ಕಷ್ಟ ಇರುವುದು ನೆಲದ ಕೆಳಗೆ. ಬಟ್ಟೆ ಅಂಗಡಿಗೆ ನೀರು ಬೇಡ. ಸಲೂನಿಗೆ, ಅಡುಗೆಮನೆ ಇರುವ ಅಂಗಡಿಗೆ ಬೇಕು. ನೀರು ತರುವುದು ಸುಲಭ, ಕೊಳೆನೀರು ಹೊರಗೆ ಹೋಗಬೇಕಲ್ಲ! ಅದರ ಪೈಪಿಗೆ ಸಾಮಾನ್ಯವಾಗಿ 40 ಮೀಟರಿಗೆ 1 ಮೀಟರ್ ಲೆಕ್ಕದಲ್ಲಿ ಇಳಿಜಾರು ಕೊಡುತ್ತಾರೆ. ಚರಂಡಿ ಹಿಂದಿದ್ದು, ಸಿಂಕು ಮುಂದೆ 10 ಮೀಟರ್ ದೂರದಲ್ಲಿದ್ದರೆ 25 ಸೆಂಟಿಮೀಟರ್ ಆಳ ಬೇಕು. ಒಳಗೆ ವ್ಯಾಪಾರ ನಡೆಯುತ್ತಿರುವಾಗ ಅದನ್ನು ಅಗೆಯಲಾಗುವುದಿಲ್ಲ. ಈಗ ಜಾಗ ಖಾಲಿ ಇದೆ. ಈಗಲೇ ಅಗೆಸಿ, ಮೂರು ನಾಲ್ಕು ಕಡೆ ಪೈಪಿನ ಬಾಯಿ ಬಿಟ್ಟು ಮುಚ್ಚಳ ಹಾಕಿಡಿ. ಹೊಗೆ ಮೇಲಿನ ತಾರಸಿಗೆ ಹೋಗಲು ಒಂದು ಡಕ್ಟಿಗೂ ಜಾಗ ಬಿಡಿ.

ಪಾರ್ಟಿಶನ್ ಯಾವಾಗಲೂ ಪಿಲ್ಲರ್ ಸಾಲಿನಲ್ಲೇ ಬರಲಿ. ಸಾಲಿನ ಎರಡೂ ಕಡೆ ಬೇರೆ ಬೇರೆ ಲೈಟು, ಬೇರೆ ಬೋರ್ಡು, ಬೇರೆ ಸಬ್ ಮೀಟರ್. ಕರೆಂಟ್ ಬಿಲ್ ಹಂಚಿಕೊಳ್ಳುವ ಜಗಳ ನಿಮಗೆ ಬೇಡ. ನಾಲ್ಕು ಭಾಗ ಮಾಡಿದಾಗ, ಬೆಂಕಿ ಬಿದ್ದರೆ ಹೊರಗೋಡುವ ದಾರಿ ನಾಲ್ಕಕ್ಕೂ ಉಳಿದಿರಬೇಕು. ಇದನ್ನು ನಕ್ಷೆ ಹಂತದಲ್ಲೇ ನೋಡಿ.

ಡಚ್ ವಾಸ್ತುಶಿಲ್ಪಿ ಜಾನ್ ಹಬ್ರಾಕನ್ ಮನೆಗಳ ವಿಷಯದಲ್ಲಿ 1961ರಲ್ಲೇ ಇದನ್ನು ಹೇಳಿದ್ದರು. ಬಹುಕಾಲ ನಿಲ್ಲುವ ಭಾಗ ಬೇರೆ, ಒಳಗೆ ತುಂಬುವ ಭಾಗ ಬೇರೆ, ಎರಡನ್ನೂ ಬೆರೆಸಬೇಡಿ ಅಂತ. ನಿಮ್ಮ ದುಡ್ಡು ಮೊದಲನೆಯದಕ್ಕೆ ಹೋಗಲಿ.
– ಕಟ್ಟಡ ಗುತ್ತಿಗೆದಾರರು

ನಾನು ಬಾಡಿಗೆ ಕಟ್ಟುವ ಕಡೆಯವಳು. ಜಾಗ ಎಷ್ಟು ಅಗಲ, ಎಷ್ಟು ಆಳ ಅಂತ ನೀವು ಬರೆದೇ ಇಲ್ಲ! ನಮಗೆ ಬೇಕಾದ್ದು ಬೀದಿಗೆ ಕಾಣುವ ಮುಖ. ಬ್ರಿಟನ್ನಿನಲ್ಲಿ ಅಂಗಡಿಗೆ ಬೆಲೆ ಕಟ್ಟುವಾಗ ಮುಂದಿನ 6.1 ಮೀಟರಿಗೆ ಪೂರ್ತಿ ದರ, ಅದರ ಹಿಂದಿನ ಅಷ್ಟೇ ಆಳಕ್ಕೆ ಅರ್ಧ, ಇನ್ನೂ ಹಿಂದಕ್ಕೆ ಅದರಲ್ಲೂ ಅರ್ಧ ಅನ್ನುವ ಲೆಕ್ಕವಿದೆ. ಗಿರಾಕಿಯ ಕಾಲೂ ಹಾಗೇ, ಹಿಂದಕ್ಕೆ ಹೋಗುತ್ತಾ ಕಡಿಮೆಯಾಗುತ್ತದೆ. ಮುಂದೆ ಎರಡು, ಹಿಂದೆ ಎರಡು ಅಂತ ಭಾಗ ಮಾಡಿದರೆ ಹಿಂದಿನವರು ನಿಲ್ಲುವುದಿಲ್ಲ. ಅಗಲ ಕಡಿಮೆಯಿದ್ದರೆ ನಾಲ್ಕರ ಆಸೆ ಬಿಟ್ಟು ಎರಡೇ ಮಾಡಿ, ಹಿಂಭಾಗವನ್ನು ಗೋಡೌನ್ ಮಾಡಿ. ಒಂದು ತಿಂಗಳಿಗೆಂದು ಬರುವವರಿಗೂ ಪೆಟ್ಟಿಗೆ ಇಡಲು ಜಾಗ ಬೇಕಲ್ವಾ? ಹಗಲು ಅಂಥ ಬೀದಿಗೆ ಸರಕಿನ ಗಾಡಿ ಬರುವುದೂ ಕಷ್ಟ.

ಅಲ್ಪಾವಧಿಗೆ ಬರುವವರು ಲೈಟು, ಶೆಲ್ಫು, ಇಂಟರ್‌ನೆಟ್ ಎಲ್ಲ ಸಿದ್ಧವಿದ್ದರೆ ಮಾತ್ರ ಜಾಸ್ತಿ ಬಾಡಿಗೆ ಕೊಡುತ್ತಾರೆ. ಬರೀ ನಾಲ್ಕು ಗೋಡೆ ತೋರಿಸಿದರೆ ಚೌಕಾಸಿಗೆ ಇಳಿಯುತ್ತಾರೆ.
– ಅಂಗಡಿ ನಡೆಸುವವಳು

ನಿಮ್ಮಣ್ಣ ಹೇಳಿದ್ದರಲ್ಲಿ ಅರ್ಧ ನಿಜ. ಪದೇ ಪದೇ ಬಾಡಿಗೆದಾರರು ಬದಲಾದರೆ ನಡುನಡುವೆ ಖಾಲಿ ಬೀಳುವ ದಿನಗಳು ಲಾಭ ತಿನ್ನುತ್ತವೆ. ಸಾಲ ಕೊಡುವ ಬ್ಯಾಂಕಿಗೂ ಉದ್ದದ ಕರಾರೇ ಇಷ್ಟ. ಹಾಗಂತ ಪೂರ್ತಿ ಒಬ್ಬರಿಗೇ ಕೊಡಬೇಕಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಫೆಬ್ರವರಿ ಭೂಕಂಪದಿಂದ ಪೇಟೆ ಹಾಳಾದಾಗ, ಅದೇ ಅಕ್ಟೋಬರಿನಲ್ಲಿ ಹಡಗಿನ ಕಂಟೇನರುಗಳಲ್ಲಿ ಅಂಗಡಿಗಳನ್ನು ತೆರೆದರು. ಪಕ್ಕದಲ್ಲೇ ಬ್ಯಾಲಂಟೈನ್ಸ್ ಎಂಬ ಹಳೇ ದೊಡ್ಡ ಮಳಿಗೆಯೂ ಮತ್ತೆ ಬಾಗಿಲು ತೆರೆಯಿತು. ತಾತ್ಕಾಲಿಕ ಅಂದಿದ್ದ ಆ ಕಂಟೇನರ್ ಪೇಟೆ ಆರು ವರ್ಷಕ್ಕಿಂತ ಜಾಸ್ತಿ ನಡೆಯಿತು. ದೊಡ್ಡದೊಂದು ಜನರನ್ನು ಕರೆತರುತ್ತದೆ, ಚಿಕ್ಕವು ಹೊಸತನ ಕೊಡುತ್ತವೆ. ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಒಬ್ಬ ಗಟ್ಟಿ ಬಾಡಿಗೆದಾರರನ್ನು ಹಿಡಿಯಿರಿ. ಉಳಿದದ್ದರಲ್ಲಿ ನಿಮ್ಮ ಪ್ರಯೋಗ ನಡೆಯಲಿ.
– ಹಿರಿಯ ಓದುಗರು

ಗೋಡೆಗಿಂತ ಕರಾರು ಮುಖ್ಯ. 'ಇದು ಬಾಡಿಗೆ ಅಲ್ಲ, ಬಳಸಲು ಅನುಮತಿ ಅಷ್ಟೇ' ಅಂತ ಕಾಗದದಲ್ಲಿ ಬರೆದರೆ ಸಾಕು, ಬಂದವರಿಗೆ ಬಾಡಿಗೆದಾರರ ಹಕ್ಕು ಸಿಗುವುದಿಲ್ಲ ಅಂದುಕೊಳ್ಳುವವರು ತುಂಬಾ. ಬ್ರಿಟನ್ನಿನಲ್ಲಿ ಸ್ಟ್ರೀಟ್ ವಿರುದ್ಧ ಮೌಂಟ್‌ಫರ್ಡ್ ಮೊಕದ್ದಮೆಯಲ್ಲಿ (1985) ಆ ವಾದ ನಡೆಯಲಿಲ್ಲ. ಕವಲಿರುವ ಅಗೆಯುವ ಸಾಮಾನು ಮಾಡಿ ಅದನ್ನು ಸಲಿಕೆ ಅಂದರೆ ಸಲಿಕೆ ಆಗುತ್ತಾ, ಅನ್ನುವ ಅರ್ಥದಲ್ಲಿ ನ್ಯಾಯಾಧೀಶರು ಕೇಳಿದ್ದರು. ಜಾಗ ಪೂರ್ತಿಯಾಗಿ ಯಾರ ಕೈಯಲ್ಲಿದೆ ಎಂಬುದೇ ಮುಖ್ಯವಾಯಿತು. ನಿಮ್ಮೂರಿನ ಕಾನೂನು ಬೇರೆ ಇರಬಹುದು, ವಕೀಲರನ್ನು ಕೇಳಿ. ಆದರೆ ಬರೀ ಹೆಸರನ್ನು ನಂಬಬೇಡಿ.

ಬಳಕೆ ಬದಲಾವಣೆಗೆ ಅನುಮತಿ ಬೇಕಾ ಅಂತಲೂ ವಿಚಾರಿಸಿ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರಿನಿಂದ ಅಂಗಡಿ, ಕೆಫೆ, ಕಚೇರಿ, ಜಿಮ್ ಎಲ್ಲ ಒಂದೇ ವರ್ಗಕ್ಕೆ ಸೇರಿವೆ. ಎಲ್ಲ ಕಡೆ ಹಾಗಿಲ್ಲ. ಇವತ್ತು ಚಪ್ಪಲಿ ಅಂಗಡಿ, ನಾಳೆ ಜಿಮ್ ಅಂತ ಲೆಕ್ಕ ಹಾಕುವ ಮೊದಲೇ ಇದು ಗೊತ್ತಿರಬೇಕು.

ಮಾರಾಟದಲ್ಲಿ ಪಾಲು ಅನ್ನುವ ಬಾಡಿಗೆಗೆ ಒಪ್ಪುವುದಾದರೆ, ಬಿಲ್ಲಿಂಗ್ ಲೆಕ್ಕ ನೋಡುವ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಳ್ಳಿ.
– ವಕೀಲರು

ಒಂದು ಪ್ರಶ್ನೆ ಉಳಿಯಿತು. ಮೇಲಿನ ಮಹಡಿಯವರ ಮೆಟ್ಟಿಲು ಎಲ್ಲಿದೆ? ಅದು ಅಂಗಡಿಯ ನಡುವೆಯೇ ಹತ್ತುವಂತಿದ್ದರೆ, ಮೊದಲು ಅದನ್ನು ಒಂದು ಪಕ್ಕಕ್ಕೆ ಬೇರೆ ಮಾಡಿ. ಅಲ್ಲಿಯವರೆಗೆ ಪಾರ್ಟಿಶನ್ ಮಾತೇ ಬೇಡ.
– ಮಹಡಿ ಮೇಲಿನ ಬಾಡಿಗೆದಾರ