ದ್ರಾಕ್ಷಿಗೆ ಅಕ್ಟೋಬರ್ ಚಾಟ್ನಿ (ಕಡ್ಡಿ ಕತ್ತರಿಸೂದು) ಆದಮ್ಯಾಲೆ ಡೌನಿ ರೋಗ ಬರದಂಗ ಏನ್ ಮಾಡ್ತೀರಿ?

ತಿಕೋಟಾ ಹತ್ರ ಎರಡು ಎಕರೆ ಥಾಮ್ಸನ್ ದ್ರಾಕ್ಷಿ ಐತ್ರಿ. ಚಾಟ್ನಿ ಆಗಿ 16 ದಿನ ಆತು. ನಾಲ್ಕು ಎಲಿ ಬಿಟ್ಟಾವು, ಗೊನಿ ಈಗಷ್ಟ ಕಾಣಾಕತ್ತಾವು. ಎರಡು ದಿನದಿಂದ ಮೋಡ. ಹ್ವಾದ ವರ್ಷ ಇದ ಹೊತ್ತಿನ್ಯಾಗ ಡೌನಿ ಬಂದು ಅರ್ಧ ಪಡ (ತೋಟ) ಹೋತು. ಅನುಭವ ಇದ್ದವರು ಹೇಳ್ರಿ.

ಬಬಲೇಶ್ವರದಿಂದ
ಅಣ್ಣಾ, ಔಷಧದ ಹೆಸರು ಆಮ್ಯಾಲೆ. ಮೊದಲ ಮುಂಜಾನೆ ಇಬ್ಬನಿ ಆರೂದ್ರೊಳಗ ಹೋಗಿ ಎಲಿ ಮಗುಚಿ ನೋಡ್ರಿ. ಮ್ಯಾಲೆ ಎಣ್ಣಿ ಹನಿಸಿದಂಥ ಹಳದಿ ಕಲಿ (ಮಚ್ಚಿ), ಅದರ ಕೆಳಗ ಹಿಂಜಿದ ಅರಳಿಯಂಥ ಬಿಳಿ ಬೂಜು ಇದ್ರ ಅದ ಡೌನಿ. ಬಿಸಲೇರಿದ ಮ್ಯಾಲೆ ಬೂಜು ಸರಿಯಾಗಿ ಕಾಣೂದಿಲ್ಲ. ನಾ ಎರಡು ವರ್ಷ ಊಟ ಮಾಡಿ ಪಡಕ್ಕ ಹೋಗಿ, ಏನೂ ಇಲ್ಲ ಅಂತ ಮನಿಗೆ ಬಂದೀನಿ! ಗೊನಿಗೆ ಹತ್ತಿತು ಅಂದ್ರ ಮುಗೀತು. ಕೊಕ್ಕಿ ಹಂಗ ಡೊಂಕಾಗಿ, ಕಂದಾಗಿ ಒಣಗತೈತಿ. ಮಳಿ ಬಿದ್ದ ಮರುದಿನ ಔಷಧ ಹೊಡಿಯೂ ಬ್ಲೋವರ್ ಹುಡುಕಬ್ಯಾಡ್ರಿ. ಬೀಳೂಕಿನ ಮೊದಲ ಮ್ಯಾಂಕೋಜೆಬ್ ಔಷಧ ಹೊಡೀರಿ, ಲೀಟರ್ ನೀರಿಗೆ 2 ಗ್ರಾಂ. ರೋಗ ಒಳಗ ಹೊಕ್ಕೂದು ಎಲಿ ಕೆಳಗಿನ ಸಣ್ಣ ತೂತಿನಿಂದ. ಮ್ಯಾಲಷ್ಟ ತೋಯಿಸಿದ್ರ ಡೀಸೆಲ್ ಖರ್ಚು ಅಷ್ಟ.

ಚಿಕ್ಕಬಳ್ಳಾಪುರದಿಂದ
ನಮ್ಮ ದ್ರಾಕ್ಷಿ ತಳಿ ದಿಲ್‌ಖುಷ್. ಚಾಟ್ನಿ ಅಂತ ನಾವು ಅನ್ನಲ್ಲ, ಪ್ರೂನಿಂಗ್ ಅಂತೀವಿ. ಕಾಟ ಮಾತ್ರ ಅದೇ. ಪ್ರೂನಿಂಗ್ ಆದ ತಕ್ಷಣ ಬರೀ ಕಡ್ಡಿಗೆ ಶೇ 1ರ ಬೋರ್ಡೋ ದ್ರಾವಣ ಹೊಡೀತೀವಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕರಗಿಸಿ ಬೆರೆಸಿ, ಉಜ್ಜಿದ ಚಾಕು ಅದ್ದಿ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ನಿಮ್ಮ ತೋಟ ಆಗಲೇ ಚಿಗುರಿದೆ, ಈಗ ಇದು ಬೇಡ. ನಾನೊಮ್ಮೆ ಎಳೆ ಎಲೆಗೆ ಹೊಡೆದು ಅಂಚೆಲ್ಲ ಸುಟ್ಟುಕೊಂಡಿದ್ದೇನೆ.

ಅಥಣಿಯಿಂದ
ಬೂದಿ ರೋಗ ಬ್ಯಾರೆ, ಡೌನಿ ಬ್ಯಾರೆ. ಅಂಗಡಿಯವ ಒಬ್ಬ ನನಗ ಡೌನಿಗೆ ಗಂಧಕ ಕೊಟ್ಟ. ಹೊಡದೆ, ಡೌನಿ ತನ್ನ ಪಾಡಿಗೆ ತಾ ಬೆಳೀತು. ಗಂಧಕ ಬೂದಿಗೆ. ಆಮ್ಯಾಲೆ ಒಂದ ಗುಂಪಿನ ಒಳಸೇರುವ ಔಷಧ ಮ್ಯಾಲಿಂದ ಮ್ಯಾಲೆ ಬ್ಯಾಡ, ರೋಗ ಅದಕ್ಕ ಒಗ್ಗತೈತಿ. ಹೆಚ್ಚಿನ ಚಿಗುರು ತಗೀರಿ, ಗಾಳಿ ಆಡ್ಲಿ.

ಕೇಳಿದವರಿಂದ, ಮರುದಿನ
ಆರಕ್ಕ ಹೋಗಿದ್ದೆರಿ. ಬಾವಿ ಮಗ್ಗಲಿನ ಮೂರು ಸಾಲಿನ್ಯಾಗ ಎಣ್ಣಿ ಕಲಿ ಸಿಕ್ಕಾವು, ಗೊನಿ ಇನ್ನೂ ಸ್ವಚ್ಛ ಅದಾವು. ಆ ಎಲಿ ಕಿತ್ತು ಚೀಲಕ್ಕ ಹಾಕೀನಿ. ಮಳಿ ಇಲ್ಲ, ಸಂಜಿಗೆ ಬ್ಲೋವರ್ ಹೇಳೀನಿ.